ಅಮ್ಮನ ಊಟದ ಚೀಟಿ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಜಿ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿತ್ತು, ಈಗ ಸರಿಹೋಯಿತೇ? ಬಿಸಿನೀರು ಕುಡಿಯುತ್ತಿದ್ದೀಯ ತಾನೇ? ದಿನವಿಡೀ ವಾರ್ಡಿನಿಂದ ವಾರ್ಡಿಗೆ ಓಡಾಡಿ ರೋಗಿಗಳಿಗೆಲ್ಲ ಊಟದ ಪಟ್ಟಿ ಬರೆದುಕೊಡುವ ನೀನು, ನಿನ್ನ ಊಟವನ್ನು ಮಾತ್ರ ಮೆಟ್ಟಿಲ ಮೇಲೆ ನಿಂತು ಎರಡು ಬಾಳೆಹಣ್ಣಿನಲ್ಲಿ ಮುಗಿಸುತ್ತೀಯೆಂದು ನನಗೆ ಗೊತ್ತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದು ಒದ್ದಾಡಿತಂತೆ. ಬೈಯಬೇಡ, ಅಣ್ಣನಾದವನಿಗೆ ಇಷ್ಟು ಹೇಳುವ ಹಕ್ಕಾದರೂ ಇರಲಿ. ನಾನು ಚೆನ್ನಾಗಿದ್ದೇನೆ. ಮಂಡಿ ಸ್ವಲ್ಪ ಹಿಡಿದುಕೊಳ್ಳುತ್ತದೆ. ನಿನ್ನ ಅತ್ತಿಗೆಯೂ ಚೆನ್ನಾಗಿದ್ದಾಳೆ, ಅವಳ ಬಾಯಿಯಂತೂ ನಿನಗೆ ಗೊತ್ತೇ ಇದೆ, ಅದಕ್ಕೆ ಇದುವರೆಗೆ ಯಾವ ಕಾಯಿಲೆಯೂ ಬಂದಿಲ್ಲ.

ಫೋನು ಬಿಟ್ಟು ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನೀನು ಮೂರು ನಿಮಿಷಕ್ಕೆ "ಡ್ಯೂಟಿಗೆ ಹೊತ್ತಾಯ್ತು ಅಣ್ಣ" ಎನ್ನುತ್ತೀ. ಆ ಮೂರು ನಿಮಿಷದಲ್ಲಿ ನಾನು ಅಂಗಡಿಯ ವಿಷಯ, ಮಂಡಿಯ ವಿಷಯ ಹೇಳಿ, ಕೊನೆಗೆ ನೀನು ಕೇಳದಿದ್ದರೂ "ಅಮ್ಮ ಚೆನ್ನಾಗಿದ್ದಾಳೆ, ತೂಕ ಇಳಿಸಿದ್ದಾಳೆ" ಎಂದು ಸೇರಿಸುತ್ತೇನೆ. ನೀನು "ಒಳ್ಳೇದು" ಎನ್ನುತ್ತೀ. ಆರು ವರ್ಷದಿಂದ ಇಷ್ಟೇ ಮಾತು. ಎಷ್ಟು ಇಳಿಸಿದ್ದಾಳೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟು ಹೊತ್ತೂ ಅಮ್ಮ ಬಾಗಿಲ ಪಕ್ಕದಲ್ಲಿ ನಿಂತು, ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿರುತ್ತಾಳೆ. ನಾನು ಫೋನಿಟ್ಟ ಮೇಲೆ "ಏನಂತೆ?" ಎನ್ನುತ್ತಾಳೆ. "ಕೇಳಿದಳು ಅಂತ ಹೇಳು ಅಂದಳು" ಎಂದು ನಾನು ಸುಳ್ಳು ಹೇಳುತ್ತೇನೆ. ಅದು ಸುಳ್ಳೆಂದು ಅವಳಿಗೂ ಗೊತ್ತು.

ಸುತ್ತಿ ಬಳಸಿ ಹೇಳುವುದಿಲ್ಲ. ಅಮ್ಮ ಚೆನ್ನಾಗಿಲ್ಲ. ಈ ದಿನ ಬೆಳಿಗ್ಗೆ ಅವಳ ತೂಕ ನಲವತ್ತೊಂದು ಕಿಲೋ. ನೀನು ಮನೆ ಬಿಟ್ಟು ಹೋದಾಗ ಎಪ್ಪತ್ತನಾಲ್ಕು ಇತ್ತು. ಅವಳು ಊಟ ಮಾಡುತ್ತಿಲ್ಲ, ಅಂದರೆ ನೀನು ಬರೆದಿಟ್ಟು ಹೋದ ಊಟವನ್ನು ಬಿಟ್ಟು ಬೇರೇನನ್ನೂ ಮುಟ್ಟುತ್ತಿಲ್ಲ, ಅದನ್ನೂ ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡಿಕೊಂಡು ಬಂದಿದ್ದಾಳೆ. ಹೀಗೇ ಹೋದರೆ ಇನ್ನೊಂದು ಚಳಿಗಾಲ ಕಾಣುವುದಿಲ್ಲವೆಂದು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು. ಇದು ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ನೀನು ಹೋದ ದಿನ ಅಡುಗೆಮನೆ ಗೋಡೆಗೆ ಅಂಟಿಸಿದ ಚೀಟಿ ನೆನಪಿದೆಯಲ್ಲ. ತಟ್ಟೆಯ ಅರ್ಧ ತರಕಾರಿ ಇರಬೇಕು. ಉಪ್ಪು ದಿನಕ್ಕೆ ಒಂದು ಚಿಕ್ಕ ಚಮಚ, ಅದರೊಳಗೇ ಎಲ್ಲವೂ. ಎಣ್ಣೆಯನ್ನು ಬಾಟಲಿಯಿಂದ ಸುರಿಯಬಾರದು, ಅಳೆದು ಹಾಕಬೇಕು. ಹಣ್ಣನ್ನು ಹಣ್ಣಾಗಿಯೇ ತಿನ್ನಬೇಕು, ರಸ ಹಿಂಡಬಾರದು. ತೌಡು ತೆಗೆಯದ ಧಾನ್ಯ, ದಿನಕ್ಕೊಂದು ಬಟ್ಟಲು ಬೇಳೆ, ಚಹಾಕ್ಕೆ ಸಕ್ಕರೆ ಬೇಡ, ಕರಿದದ್ದು ತಿಂಗಳಿಗೊಮ್ಮೆ, ಸಂಜೆಯ ಊಟ ಚಿಕ್ಕದು, ಇನ್ನೊಂದು ತುತ್ತು ಬೇಕೆನ್ನುವಾಗಲೇ ಏಳುವುದು. ಹೀಗೆ ಹನ್ನೊಂದು ಸಾಲು. ಆ ಚೀಟಿಗೆ ಎರಡು ವಾರದಲ್ಲಿ ಎಣ್ಣೆಯ ಜಿಡ್ಡು ಹಿಡಿಯಿತು. ಅಮ್ಮ ನನ್ನ ಬೆನ್ನು ಹತ್ತಿ ಅದಕ್ಕೊಂದು ಚೌಕಟ್ಟು ಕಟ್ಟಿಸಿದಳು. ಅಪ್ಪನ ಹಳೆಯ ತಕ್ಕಡಿ ಪೆಟ್ಟಿಗೆಯ ಗಾಜು ಇತ್ತು, ಅದನ್ನೇ ಕೊಯ್ದು ಹಾಕಿದೆ. ಮನೆಯಲ್ಲಿ ಅಪ್ಪನ ಫೋಟೋಗೆ ಇನ್ನೂ ಚೌಕಟ್ಟು ಆಗಿರಲಿಲ್ಲ, ನಿನ್ನ ಚೀಟಿಗೆ ಆಯಿತು. ನಿನ್ನ ಅತ್ತಿಗೆ ಅದನ್ನು ನೋಡಿ "ದೀಪ ಒಂದು ಹಚ್ಚೋದು ಬಾಕಿ" ಎಂದಳು.

ಮೊದಲ ಎರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು, ಅದನ್ನು ಹೇಳಲೇಬೇಕು. ಅಮ್ಮನ ಉಸಿರು ಹಗುರವಾಯಿತು, ಕಾಲಿನ ಬಾವು ಇಳಿಯಿತು, ರಕ್ತದ ಸಕ್ಕರೆ ಹತೋಟಿಗೆ ಬಂತು. ನನ್ನ ಹೊಟ್ಟೆಯೂ ಎರಡು ರಂಧ್ರದಷ್ಟು ಬೆಲ್ಟಿನೊಳಗೆ ಹೋಯಿತು. ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮನನ್ನು ಅಂಗಡಿಗೆ ಕರೆತಂದು, ಮೂಟೆ ತೂಗುವ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿ ತೂಗುತ್ತಿದ್ದೆ. ಚಪ್ಪಲಿ ಬಿಟ್ಟು, ಕೈಚೀಲ ಕೆಳಗಿಟ್ಟು, ಪೊಲೀಸಿನವರ ಮುಂದೆ ನಿಂತಂತೆ ನೆಟ್ಟಗೆ ನಿಲ್ಲುತ್ತಿದ್ದಳು. ನಾನು ಅಂಕಿಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಎಪ್ಪತ್ತು, ಅರವತ್ತೇಳು, ಅರವತ್ತೆರಡು. ಅಂಕಿ ಇಳಿದ ವಾರ ಅವಳ ಮುಖ ಅರಳುತ್ತಿತ್ತು. "ಅವಳಿಗೆ ಹೇಳ್ತೀಯಾ?" ಎಂದು ಮಾತ್ರ ಕೇಳುತ್ತಿದ್ದಳು. ಇಳಿಸಿದ್ದಾಳೆ ಎಂದಷ್ಟೇ ನಾನು ನಿನಗೆ ಹೇಳುತ್ತಿದ್ದೆ, ನೀನು "ಒಳ್ಳೇದು" ಎನ್ನುತ್ತಿದ್ದೆ, ಅವಳು ಮುಂದಿನ ವಾರ ಒಂದು ತುತ್ತು ಕಡಿಮೆ ಉಣ್ಣುತ್ತಿದ್ದಳು. ಆಗ ನನಗೆ ಇದು ಹೊಳೆಯಲಿಲ್ಲ.

ಅರವತ್ತಾಯಿತು, ಐವತ್ತೈದಾಯಿತು, ಹೋದ ವರ್ಷ ಈ ಹೊತ್ತಿಗೆ ಐವತ್ತಾಯಿತು. ಬಳೆಗಳು ಮೊಣಕೈಗೆ ಜಾರತೊಡಗಿದವು. ಕುರ್ಚಿಯಿಂದ ಏಳಲು ಮೇಜನ್ನು ಹಿಡಿಯತೊಡಗಿದಳು. ಬೀದಿಯವರು "ಏನು ಹುಡುಗಿ ಹಾಗೆ ಆಗ್ಬಿಟ್ರಿ" ಎಂದು ಹೊಗಳುತ್ತಿದ್ದರು, ನಾನೂ ಹಲ್ಲು ಕಿರಿಯುತ್ತಿದ್ದೆ. ಹೋದ ಆಗಸ್ಟಿನಲ್ಲಿ ಒಂದೇ ತಿಂಗಳಲ್ಲಿ ಎರಡು ಕಿಲೋ ಕಡಿಮೆ ತೋರಿಸಿತು. ಆಗ ನಾನು ಏನು ಮಾಡಿದೆ ಗೊತ್ತೇ? ಹೇಳಲು ನಾಚಿಕೆಯಾಗುತ್ತದೆ. ತಕ್ಕಡಿ ಕೆಟ್ಟಿದೆ ಎಂದುಕೊಂಡೆ. ಮೂರು ತಲೆಮಾರು ತಕ್ಕಡಿ ರಿಪೇರಿ ಮಾಡಿದ ಮನೆಯವರಲ್ಲವೇ ನಾವು, ಅಂಕಿ ತಪ್ಪಿದರೆ ನಮಗೆ ಮೊದಲು ನೆನಪಾಗುವುದು ಸುತ್ತಿಗೆ ಮತ್ತು ಎಣ್ಣೆ ಡಬ್ಬಿ. ಹಲಗೆ ಬಿಚ್ಚಿದೆ, ಕೆಳಗಿನ ಸನ್ನೆಕೋಲುಗಳ ಧೂಳು ತೆಗೆದೆ, ಸವೆದಿದ್ದ ಅಂಚನ್ನು ಅರದಿಂದ ಉಜ್ಜಿದೆ, ಮುದ್ರೆ ಒತ್ತಿದ ತೂಕದ ಬಟ್ಟುಗಳನ್ನು ಹತ್ತು, ಇಪ್ಪತ್ತು, ಐವತ್ತು ಕಿಲೋವರೆಗೆ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮತ್ತೆ ಅಮ್ಮನನ್ನು ನಿಲ್ಲಿಸಿದೆ, ನಲವತ್ತೆಂಟು. ಮಾರನೆಯ ವಾರ ಇನ್ನೊಮ್ಮೆ ಬಿಚ್ಚಿದೆ. ಹೀಗೆ ಮೂರು ಸಲ ತಕ್ಕಡಿಯನ್ನು ಪರೀಕ್ಷೆ ಮಾಡಿದೆ ಗುಂಜಿ, ಅದರ ಮೇಲೆ ನಿಂತಿದ್ದವಳನ್ನು ಒಂದು ಸಲವೂ ಮಾಡಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ನಾನು ಕನ್ನಡಿಯನ್ನೇ ಒರೆಸುತ್ತ ಕೂತೆ.

ಜನವರಿಯಲ್ಲಿ ಅಮ್ಮ ಬಚ್ಚಲಲ್ಲಿ ಕುಸಿದಳು. ಮೂಳೆ ಮುರಿಯಲಿಲ್ಲ, ಆದರೆ ಎತ್ತಿದಾಗ ಅವಳ ಭಾರವೇ ಕೈಗೆ ಹತ್ತಲಿಲ್ಲ, ಆಗ ನಿಜವಾಗಿ ಹೆದರಿದೆ. ನಿನ್ನ ಅತ್ತಿಗೆ ಅವತ್ತೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ರಕ್ತ, ಮೂತ್ರ, ಎದೆಯ ಫೋಟೋ, ಹೊಟ್ಟೆಯ ಸ್ಕ್ಯಾನು ಎಲ್ಲ ಆಯಿತು. ಒಂದು ಕಾಯಿಲೆಯೂ ಸಿಗಲಿಲ್ಲ. ಆ ಡಾಕ್ಟರಮ್ಮ ವಯಸ್ಸಿನಲ್ಲಿ ನಿನಗಿಂತ ಚಿಕ್ಕವರು. ಕೈಬಲ ಅಳೆಯುವ, ಮುಳ್ಳಿರುವ ಒಂದು ಹಿಡಿಯನ್ನು ಅಮ್ಮನ ಕೈಗೆ ಕೊಟ್ಟು ಅದುಮಿ ಎಂದರು, ಮುಳ್ಳು ಅಲ್ಲಾಡಲಿಲ್ಲ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಿ ಎಂದರು, ಒಂದು ಸಲವೂ ಏಳಲಾಗಲಿಲ್ಲ. ಮೀನಖಂಡಕ್ಕೆ ಟೇಪು ಸುತ್ತಿದರು, ಇಪ್ಪತ್ತೇಳು ಸೆಂಟಿಮೀಟರು. ಇದೆಲ್ಲದರ ಅರ್ಥ ನಿನಗೆ ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಕೊಬ್ಬು ಹೋಗಿ ವರ್ಷಗಳಾಗಿವೆ, ಈಗ ಹೋಗುತ್ತಿರುವುದು ಮಾಂಸ ಎಂದರು. ನಾನು ಹೆಮ್ಮೆಯಿಂದ ನಿನ್ನ ಚೀಟಿಯ ವಿಷಯ ಹೇಳಿ, ಫೋನಿನಲ್ಲಿದ್ದ ಅದರ ಫೋಟೋ ತೋರಿಸಿದೆ. ಅವರು ಪೂರ್ತಿ ಓದಿದರು. "ಚೀಟಿಯಲ್ಲಿ ತಪ್ಪೇನೂ ಇಲ್ಲ. ಎಪ್ಪತ್ತನಾಲ್ಕು ಕಿಲೋ ಇದ್ದ ಹೆಂಗಸಿಗೆ ಬರೆದದ್ದು ಇದು. ಆ ಹೆಂಗಸು ಈಗ ಎಲ್ಲಿದಾರೆ?" ಎಂದು ಕೇಳಿದರು. ನಾನು ಫೋನನ್ನು ಜೇಬಿಗಿಟ್ಟೆ.

ಇನ್ನು ಮೇಲೆ ಲೆಕ್ಕಾಚಾರ ಬೇಡ, ತಿನ್ನುವುದು ಮುಖ್ಯ ಎಂದು ಅವರು ಹೇಳಿ ಕಳಿಸಿದರು. ವಯಸ್ಸಾದ ಮೇಲೆ ಸ್ವಲ್ಪ ಮೈ ಇರುವುದೇ ಕಾವಲಂತೆ, ತಾನಾಗಿ ಇಳಿಯುವ ತೂಕ ಏರುವ ತೂಕಕ್ಕಿಂತ ಅಪಾಯವಂತೆ. ದಿನಕ್ಕೆ ಎರಡು ಮೊಟ್ಟೆ, ಕೆನೆ ತೆಗೆಯದ ಹಾಲು, ಗಂಜಿಗೆ ಬೆಣ್ಣೆ, ಬ್ರೆಡ್ಡಿಗೆ ಕಡಲೆಕಾಯಿ ಅರೆದು ಸವರುವುದು, ಮೀನು ಸಿಕ್ಕರೆ ಮೀನು. ಒಮ್ಮೆಗೆ ತಟ್ಟೆ ತುಂಬ ಅಲ್ಲ, ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ತರಕಾರಿಯಿಂದಲೇ ಹೊಟ್ಟೆ ತುಂಬಿಸಬಾರದು, ಅದು ಜಾಗ ಹಿಡಿಯುತ್ತದೆ, ಬಲ ಕೊಡುವುದಿಲ್ಲ. ಬಾಯಿಗೆ ರುಚಿ ಎನಿಸುವಷ್ಟು ಉಪ್ಪು ಇರಲಿ, ರುಚಿಯಿಲ್ಲದ್ದನ್ನು ಯಾರು ತಿನ್ನುತ್ತಾರೆ ಎಂದರು. ಜೊತೆಗೆ ಕುರ್ಚಿ ಹಿಡಿದು ಎದ್ದು ಕೂರುವ ಅಭ್ಯಾಸ, ಬರೀ ತಿಂದರೆ ಮಾಂಸ ಬರುವುದಿಲ್ಲವಂತೆ. ನಿನ್ನ ಅತ್ತಿಗೆ ಇದನ್ನೆಲ್ಲ ಕೇಳಿ ಖುಷಿಯಾದಳು. ಆರು ವರ್ಷದಿಂದ ಸಪ್ಪೆ ತಿಂದು ಅವಳಿಗೂ ಸಾಕಾಗಿತ್ತು.

ಮನೆಗೆ ಬಂದು ಮೊದಲ ದಿನ ಮೊಟ್ಟೆ ಬೇಯಿಸಿ, ಮೇಲೆ ಬೆಣ್ಣೆ ಹಾಕಿ ಅಮ್ಮನ ಮುಂದಿಟ್ಟೆವು. ಅಮ್ಮ ತಟ್ಟೆ ನೋಡಿದಳು, ಗೋಡೆಯ ಚೀಟಿ ನೋಡಿದಳು, ಬಿಳಿಯ ಭಾಗವನ್ನು ಕಾಲು ಪಾಲು ತಿಂದು ಉಳಿದದ್ದನ್ನು ನನ್ನ ತಟ್ಟೆಗೆ ತಳ್ಳಿದಳು. "ಡಾಕ್ಟರೇ ಹೇಳಿದಾರಮ್ಮ" ಎಂದೆ. "ಆ ಡಾಕ್ಟರು ನನ್ನನ್ನ ನಿನ್ನೆ ನೋಡಿದಾರೆ. ನನ್ನ ಮಗಳು ಹುಟ್ಟಿದಾಗಿನಿಂದ ನೋಡಿದಾಳೆ" ಎಂದಳು. ಹಾಲಿಗೆ ಕದ್ದು ಸಕ್ಕರೆ ಹಾಕಿದರೆ ನಾಲಿಗೆ ತುದಿಗೇ ಗೊತ್ತಾಗಿ ಲೋಟ ಪಕ್ಕಕ್ಕಿಡುತ್ತಿದ್ದಳು. ಬೇಳೆಗೆ ಎಣ್ಣೆ ಒಂದು ಚಮಚ ಹೆಚ್ಚಿಗೆ ಬಿದ್ದರೆ ಮೇಲಿನದನ್ನು ಬಸಿದು ತೆಗೆಯುತ್ತಿದ್ದಳು. ನಿನ್ನ ಅತ್ತಿಗೆ ಬೈದಳು, ಅತ್ತಳು, ಎರಡು ದಿನ ತಾನೂ ಉಪವಾಸ ಕೂತಳು. ಮೂರನೆಯ ದಿನ ಅಮ್ಮನೇ ಅವಳಿಗೆ ಅಡುಗೆ ಮಾಡಿ ಬಡಿಸಿದಳು, ಮೊಟ್ಟೆ ಬೆಣ್ಣೆ ಎಲ್ಲ ಹಾಕಿ, ತಾನು ಮಾತ್ರ ಮುಟ್ಟಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸಕ್ಕೆ ನೀನು ನಗಬಹುದು, ನಕ್ಕರೆ ಸಂತೋಷ. ನಿನ್ನ ಅಕ್ಷರ ನನಗೆ ಬಾಯಿಪಾಠ, ನಿನ್ನ ಆರನೇ ತರಗತಿಯ ಹೋಂವರ್ಕ್ ಅರ್ಧ ಬರೆದವನು ನಾನೇ ಅಲ್ಲವೇ. ಒಂದು ಹೊಸ ಚೀಟಿ ಬರೆದೆ. "ಅಮ್ಮಾ, ಇನ್ನು ಮೇಲೆ ದಯವಿಟ್ಟು ಮೊಟ್ಟೆ, ಹಾಲು, ಬೆಣ್ಣೆ ತಿನ್ನು" ಎಂದು ಶುರು ಮಾಡಿ ಎಂಟು ಸಾಲು. ಲಕೋಟೆಯಲ್ಲಿಟ್ಟು, ಅಂಚೆಯವನು ಕೊಟ್ಟ ಎಂದು ತಂದುಕೊಟ್ಟೆ. ಅಮ್ಮ ಲಕೋಟೆಯನ್ನು ಸೆರಗಿನಿಂದ ಒರೆಸಿದ್ದನ್ನು ನೋಡಿದ ಕ್ಷಣವೇ ನನಗೆ ತಪ್ಪು ಮಾಡಿದೆ ಎನಿಸಿತು. ಕನ್ನಡಕ ಹಾಕಿಕೊಂಡು ಮೊದಲ ಸಾಲು ಓದಿದಳು. ಓದಿ ಮಡಚಿದಳು. "ಅವಳು ನನಗೆ ದಯವಿಟ್ಟು ಅಂತ ಬರೀತಾಳಾ?" ಎಂದಳು. ಅಷ್ಟೇ, ಬೈಯಲೂ ಇಲ್ಲ. ಆ ಲಕೋಟೆಯನ್ನು ಮಾತ್ರ ಎಸೆಯಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಯಾಕೆಂದು ಕೇಳುವ ಧೈರ್ಯ ನನಗಿಲ್ಲ.

ಸಿಟ್ಟಿನಲ್ಲಿ ಗೋಡೆಯ ಚೌಕಟ್ಟನ್ನೇ ಕಿತ್ತೆ. ಚೀಟಿ ಇಲ್ಲದಿದ್ದರೆ ಹಟವೂ ಇರುವುದಿಲ್ಲ ಎಂದುಕೊಂಡೆ. ಹಿಂದಿನ ಹಲಗೆಯ ಮೊಳೆ ಬಿಚ್ಚಿ ಕಾಗದ ಹೊರಗೆಳೆದಾಗ ಕೆಳಗೆ ಎರಡು ಬೆರಳಗಲ ಮಡಚಿದ್ದು ಕಾಣಿಸಿತು. ಮಡಚಿದವನು ನಾನೇ. ಗಾಜು ಗಿಡ್ಡವಿತ್ತು, ಕಾಗದ ಉದ್ದವಿತ್ತು, ಗೋಡೆಯಲ್ಲಿದ್ದಾಗ ಡಬ್ಬಿಗಳ ಹಿಂದೆ ಮರೆಯಾಗಿದ್ದ ಕೊನೆಯ ಸಾಲು ಏನಿದೆಯೆಂದು ನೋಡದೆ ಒಳಗೆ ಮಡಚಿ ಮೊಳೆ ಹೊಡೆದಿದ್ದೆ. ಅದು ಹನ್ನೆರಡನೆಯ ಸಾಲು. ನೀನೇ ಬರೆದದ್ದು, ನಿನಗೆ ನೆನಪಿರಬೇಕು: "ಇದು ಇವತ್ತಿನ ಅಮ್ಮನಿಗೆ. ತೂಕ ಅರವತ್ತಕ್ಕೆ ಬಂದರೆ, ಅಥವಾ ಇಳಿಯುತ್ತಲೇ ಹೋದರೆ, ಇದನ್ನು ನಿಲ್ಲಿಸಿ ನನಗೆ ತಿಳಿಸಿ. ಬೇರೆ ಬರೆದುಕೊಡುತ್ತೇನೆ." ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ಸಿಟ್ಟಿನಲ್ಲಿ ಮನೆ ಬಿಡುವಾಗಲೂ ಬೇರೆ ಬರೆದುಕೊಡುತ್ತೇನೆ ಎಂದಿದ್ದೆಯಲ್ಲೇ. ಅರವತ್ತು ಕಿಲೋ ಆಗಿ ನಾಲ್ಕು ವರ್ಷ ಕಳೆಯಿತು. ಅಷ್ಟು ವರ್ಷ ನೀನು ನಮ್ಮಿಂದ ಒಂದು ಸಾಲು ಬರುತ್ತದೆಂದು ಕಾದಿರಬಹುದು, ಅಮ್ಮ ನಿನ್ನಿಂದ ಬರುತ್ತದೆಂದು ಕಾದಳು, ನಡುವೆ ನಾನು ಮೊಳೆ ಹೊಡೆದು ಕೂತಿದ್ದೆ.

ಓಡಿಹೋಗಿ ಅಮ್ಮನಿಗೆ ತೋರಿಸಿದೆ. ಈಗ ನಂಬುತ್ತಾಳೆ ಎಂದುಕೊಂಡೆ. ಅವಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನೂ ನೀನೇ ಬರೆದಿರ್ತೀಯ. ಸಲ ಸಲಕ್ಕೂ ಚೆನ್ನಾಗಿ ಬರೀತಿದೀಯ" ಎಂದಳು. ಒಮ್ಮೆ ಕಳ್ಳ ನೋಟು ಕೊಟ್ಟವನ ಕೈಯ ಒಳ್ಳೆಯ ನೋಟನ್ನೂ ಯಾರೂ ಮುಟ್ಟುವುದಿಲ್ಲ, ನನ್ನ ಗತಿ ಹಾಗಾಯಿತು. ಮಡಿಕೆ ಬಿದ್ದ ಗೆರೆ ನೋಡು, ಹಳೆಯ ಶಾಯಿ ನೋಡು ಎಂದು ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಚೌಕಟ್ಟನ್ನು ಮತ್ತೆ ಗೋಡೆಗೆ ಹಾಕಿಸಿದಳು. ಈಗ ಹನ್ನೆರಡೂ ಸಾಲು ಕಾಣುತ್ತವೆ, ಗಾಜು ಮಾತ್ರ ಹನ್ನೊಂದಕ್ಕಿದೆ.

ಇದು ಚೀಟಿಯ ವಿಷಯವಲ್ಲವೆಂದು ನನಗೆ ಅರ್ಥವಾದದ್ದು ಹೋದ ಬುಧವಾರ. ಬೆಳಿಗ್ಗೆ ಅಮ್ಮನ ಪಕ್ಕ ಕೂತು, ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದು, ಯಾಕಮ್ಮ ಹೀಗೆ ಮಾಡುತ್ತೀ ಎಂದು ಕೇಳಿದೆ. ಬಟ್ಟಲನ್ನು ನನ್ನ ಕಡೆಗೇ ತಳ್ಳಿದಳು. ಆಮೇಲೆ, "ನಿಮ್ಮಪ್ಪನಿಗೆ ಬೇಡ ಅಂದಿದ್ದನ್ನೆಲ್ಲ ನಾನೇ ಬಡಿಸಿ ಕಳಿಸಿದೆ. ಈಗ ಅದನ್ನೇ ತಿಂದು ನಾನು ಗಟ್ಟಿಯಾಗ್ಲಾ?" ಎಂದಳು. ಗುಂಜಿ, ಅದು ನಿನ್ನ ಮಾತು. ಅಪ್ಪನನ್ನು ಕಳಿಸಿಕೊಟ್ಟು ಬಂದ ಮೂರನೆಯ ದಿನ, ಪಕ್ಕದ ಮನೆಯ ಹೆಂಗಸರಿಬ್ಬರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, "ಉಪ್ಪು ಕಡಿಮೆ ಮಾಡು ಅಂತ ಎಷ್ಟು ಸಲ ಹೇಳಿದೆ. ಬಡಿಸಿ ಬಡಿಸಿ ನೀನೇ ಕಳಿಸಿಬಿಟ್ಟೆ ಅಪ್ಪನ್ನ" ಎಂದೆ ನೀನು. ಅಮ್ಮ ಸೌಟು ಹಿಡಿದುಕೊಂಡು ನಿಂತಿದ್ದಳು. ಏನೂ ಹೇಳಲಿಲ್ಲ. ನಾನು ಬಾಗಿಲಲ್ಲಿದ್ದೆ, ನಾನೂ ಏನೂ ಹೇಳಲಿಲ್ಲ. ದುಃಖದಲ್ಲಿ ಬಾಯಿಂದ ಬಂದ ಮಾತು ಅದು, ನಿನ್ನನ್ನು ದೂರುತ್ತಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಒಬ್ಬರಿಗೂ ಎರಡೂ ಗೊತ್ತಿರಲಿಲ್ಲ. ಅಮ್ಮ ಅವತ್ತಿನಿಂದ ನಿನ್ನ ಚೀಟಿಯನ್ನು ಊಟದ ಪಟ್ಟಿಯೆಂದು ಓದಿಲ್ಲ, ಶಿಕ್ಷೆಯ ಪಟ್ಟಿಯೆಂದು ಓದಿದ್ದಾಳೆ. ಪಾಪ, ಒಂದು ಸಾಲೂ ತಪ್ಪದೆ ಅನುಭವಿಸಿದ್ದಾಳೆ.

ನಿನ್ನನ್ನು ಕೇಳುವುದು ಇಷ್ಟು. ಒಂದು ಹೊಸ ಚೀಟಿ ಬರೆ, ನಿನ್ನ ಕೈಯಲ್ಲೇ. ಮೊಟ್ಟೆಯ ಹಳದಿಯನ್ನೂ ತಿನ್ನು ಎಂದು ಬರೆ, ಎಣ್ಣೆ ಬಸಿಯಬೇಡ ಎಂದು ಬರೆ, ಇನ್ನೊಂದು ತುತ್ತು ಬೇಕೆನಿಸಿದರೆ ಉಣ್ಣು ಎಂದು ಬರೆ. ದಯವಿಟ್ಟು ಎಂದು ಮಾತ್ರ ಹಾಕಬೇಡ, ನಿನ್ನ ಮಾಮೂಲಿ ಧಾಟಿಯಲ್ಲೇ ಗದರಿಸಿ ಬರೆ. ಡಾಕ್ಟರಮ್ಮ ಬರೆದುಕೊಟ್ಟ ರಿಪೋರ್ಟುಗಳ ಪ್ರತಿ ಇದರ ಜೊತೆ ಇಟ್ಟಿದ್ದೇನೆ, ನೋಡಿ ನಿನಗೆ ಸರಿ ಕಂಡದ್ದನ್ನು ಬರೆ. ನೀನು ಹುಟ್ಟಿದಾಗ ಒಂದೂಮುಕ್ಕಾಲು ಕಿಲೋ ಇದ್ದೆ. ಅಪ್ಪ ಅಂಗಡಿಯ ಚಿಕ್ಕ ತಕ್ಕಡಿಯಲ್ಲಿ ಬಟ್ಟೆ ಹಾಸಿ ತೂಗಿ, ಅಕ್ಕಸಾಲಿಗರ ಅತಿ ಸಣ್ಣ ತೂಕದ ಹೆಸರನ್ನೇ ನಿನಗಿಟ್ಟು ಗುಂಜಿ ಎಂದು ಕರೆದರು. ಈ ಮಗು ಉಳಿಯುವುದಿಲ್ಲ ಎಂದು ಎಲ್ಲರೂ ಅಂದರಂತೆ. ಅಮ್ಮ ಎರಡು ತಿಂಗಳು ನಿನ್ನನ್ನು ಎದೆಗೆ ಕಟ್ಟಿಕೊಂಡು, ಹನಿ ಹನಿ ಹಾಲು ಕುಡಿಸಿ ಉಳಿಸಿಕೊಂಡಳು. ಅದನ್ನು ಹೇಳಿ ನಿನ್ನ ಮೇಲೆ ಭಾರ ಹೊರಿಸಬಾರದು ಎಂದುಕೊಂಡಿದ್ದೆ, ಆದರೂ ಹೇಳಿಬಿಟ್ಟೆ.

ನಿನ್ನ ಅತ್ತಿಗೆ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ, ಇದು ನಿಜವಾಗಿ ಹೇಳಿದ್ದು. ಅಮ್ಮ ಮನೆಯಲ್ಲಿ ಮಲಗಿದ್ದಾಳೆ. ನಾನು ಯಾರಿಗೆ ಬರೆಯುತ್ತಿದ್ದೇನೆಂದು ಅವಳಿಗೆ ಗೊತ್ತು. ನಿನ್ನ ಕೈ ಗುಣ ಚೆನ್ನಾಗಿರಲಿ, ನಿನ್ನ ರೋಗಿಗಳೆಲ್ಲ ಉಂಡು ಎದ್ದು ಮನೆಗೆ ಹೋಗಲಿ. ನೀನೂ ಕೂತು ಊಟ ಮಾಡು.

ನಿನ್ನ
ಅಣ್ಣ

ಸೋಮವಾರ ಬೆಳಿಗ್ಗೆ, ಅಂಚೆ ಕಚೇರಿಯ ಬೆಂಚಿನಿಂದ: ಮರೆತು ಬಿಟ್ಟದ್ದಲ್ಲ, ನಿನ್ನೆ ಬರೆಯಲು ಕೈ ಬರಲಿಲ್ಲ. ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಅಪ್ಪ ಹೋಗುವುದಕ್ಕೆ ಏಳು ತಿಂಗಳ ಮೊದಲೇ ರಕ್ತದೊತ್ತಡದ ಮಾತ್ರೆ ಬಿಟ್ಟಿದ್ದರು. ಅದನ್ನು ನುಂಗಿದರೆ ಗಂಟೆಗೊಮ್ಮೆ ಮಾರ್ಕೆಟ್ಟಿನ ಆ ತುದಿಯ ಶೌಚಾಲಯಕ್ಕೆ ಹೋಗಬೇಕು, ಎದ್ದರೆ ತಲೆ ತಿರುಗುತ್ತದೆ, ಸಣ್ಣ ತಕ್ಕಡಿಯ ಮುಳ್ಳು ನೆಟ್ಟಗೆ ಕಾಣುವುದಿಲ್ಲ ಎನ್ನುತ್ತಿದ್ದರು. ಅಮ್ಮ ಮನೆಯಲ್ಲಿ ಕೈಗೆ ಕೊಟ್ಟ ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು ಬಂದು, ಹಳೆ ಸ್ಕ್ರೂ ಡಬ್ಬಿಯೊಳಗೆ ಹಾಕುತ್ತಿದ್ದರು. ನನಗೆ ಗೊತ್ತಿತ್ತು. "ಅಮ್ಮಂಗೆ ಹೇಳ್ಬೇಡ, ಇರೋ ಚೂರು ಉಪ್ಪನ್ನೂ ಕಿತ್ಕೋತಾಳೆ" ಎಂದು ನಗುತ್ತ ಹೇಳಿದರು, ನಾನೂ ನಕ್ಕೆ. ಅಮ್ಮ ಆಗಲೇ ಅವರ ಪಾಲಿನ ಅಡುಗೆಯನ್ನು ಬೇರೆ ಪಾತ್ರೆಯಲ್ಲಿ, ಉಪ್ಪು ಕಡಿಮೆ ಹಾಕಿ ಮಾಡುತ್ತಿದ್ದಳು. ನೀನು ಹೇಳಿದ್ದನ್ನು ಅವಳು ಕೇಳಿದ್ದಳು ಗುಂಜಿ. ಅಪ್ಪ ಹೋದ ದಿನ ನಾನು ಆ ಡಬ್ಬಿಯ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದೆ. ಮಾತ್ರೆ ನುಂಗಿದ್ದರೆ ಖಂಡಿತ ಬದುಕುತ್ತಿದ್ದರೆಂದು ಯಾರೂ ಬರೆದುಕೊಡಲಾರರು, ಅದು ನಿನಗೇ ಗೊತ್ತು. ಆದರೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಗ ಇದಿಷ್ಟೂ ನನ್ನ ನಾಲಿಗೆಯ ಮೇಲಿತ್ತು, ನೀನು ನನ್ನ ಕಡೆ ತಿರುಗುತ್ತೀಯೆಂಬ ಭಯಕ್ಕೆ ನುಂಗಿಕೊಂಡೆ. ಆರು ವರ್ಷ ಅವಳನ್ನು ಅಲ್ಲೇ ನಿಲ್ಲಿಸಿದೆ.

ಇವತ್ತು ಬೆಳಿಗ್ಗೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ನನ್ನನ್ನು ಬೈಯಲಿಲ್ಲ, ಗಂಜಿಯನ್ನೂ ಮುಟ್ಟಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿ, "ಇದನ್ನ ಅವಳಿಗೆ ಬರೀಬೇಡ. ನನ್ನ ಮೇಲಿನ ಸಿಟ್ಟು ಹಳೇದು, ಅದು ನನಗೆ ರೂಢಿಯಾಗಿದೆ. ನಿನ್ನ ಮೇಲೂ ಸಿಟ್ಟು ಬಂದರೆ ಈ ಮನೇಲಿ ಅವಳಿಗೆ ಫೋನ್ ಮಾಡೋಕೂ ಯಾರೂ ಉಳಿಯಲ್ಲ" ಎಂದಳು. ಅವಳ ಮಾತು ಮೀರಿ ಬರೆದಿದ್ದೇನೆ. ಚೀಟಿ ಕಳಿಸಬೇಡ, ಅದರಿಂದ ಆಗುವುದಿಲ್ಲ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗು, ಆದರೆ ಇಲ್ಲಿಗೆ ಬಂದು, ಅವಳ ಮುಂದೆ ಸಿಟ್ಟಾಗು.